ಜ್ವರ ಇತ್ತ್

ಐಸ್ ಪ್ಲಾಂಟಿನ ಮಿಷನ್ ಬ್ಲಾಕನ್ನು ಜಗಿದು ಪುಡಿ ಉಗುಳುವ ಸದ್ದಿನಲ್ಲಿ ಪಕ್ಕದಲ್ಲಿ ನಿಂತವನ ಬೈಗುಳವೂ ಕೇಳಿಸುವುದಿಲ್ಲ. ಆದರೂ ಎಂಟು ಗಂಟೆಗೆ ಸರಿಯಾಗಿ ಕಿಸೆಯಲ್ಲಿದ್ದ ಫೋನು ತೊಡೆಯ ಮೇಲೆ ಎರಡು ಸಲ ನಡುಗಿದಾಗ ನಿತೇಶನಿಗೆ ಅದು ಕಿವಿಯೊಳಗೇ ಬಡಿದಂತಾಯಿತು. ಕೈಯ ಕೊಕ್ಕೆಯನ್ನು ಬ್ಲಾಕಿಗೇ ಕಚ್ಚಿಸಿ ಬಿಟ್ಟು, ಕೈಗವಸಿನಿಂದ ಬಲಗೈ ಬಿಡಿಸಿ, ಒದ್ದೆ ಬೆರಳನ್ನು ಅಂಗಿಗೆ ಒರೆಸಿಕೊಂಡು, ಫೋನನ್ನು ಅರ್ಧ ಮಾತ್ರ ಹೊರಗೆಳೆದು ನೋಡಿದ. ಆಸ್ಪತ್ರೆಯ ಆ್ಯಪು. 'ನಮಸ್ಕಾರ ನಿತೇಶ್. ನಿನ್ನೆ ವನಜ ಅವರಿಗೆ ಜ್ವರ ಇತ್ತು. ಇಂದು ಅವರು ಹೇಗಿದ್ದಾರೆ?' ಕೆಳಗೆ ಮೂರು ಮುಖ. ಹಸಿರಿನದು ನಗುತ್ತಿತ್ತು, ಹಳದಿಯದು ಬಾಯಿ ಮುಚ್ಚಿಕೊಂಡಿತ್ತು, ಕೆಂಪಿನ ಬಾಯಿ ಕೆಳಗೆ ಬಾಗಿತ್ತು. ಕ್ಯಾನ್ಸರ್ ಹಿಡಿದ ಹೆಂಗಸಿನ ಸಮಾಚಾರ ಕೇಳುವುದಕ್ಕೆ ಈ ಬೋಳಿಮಕ್ಕಳಿಗೆ ಪೆಪ್ಪರಮೆಂಟಿನಂಥ ಮುಖಗಳೇ ಸಿಕ್ಕಿದವೇ ಎಂದು ಸಿಟ್ಟು ಬಂತು. ಸಿಟ್ಟು ಬಂದದ್ದು ಒಳ್ಳೆಯದೇ ಆಯಿತು. ಸಿಟ್ಟು ಇರುವಷ್ಟು ಹೊತ್ತು ಹೆದರಿಕೆ ಹತ್ತಿರ ಬರುವುದಿಲ್ಲ. ಆದರೆ ಕಣ್ಣು ಮುಖಗಳನ್ನು ಬಿಟ್ಟು ಮತ್ತೆ ಅದೇ ಅಕ್ಷರಕ್ಕೆ ಹೋಯಿತು. ಇತ್ತು. ಆ ಬಾಲದ ಉಕಾರ ಗಂಟಲಲ್ಲಿ ಅಡ್ಡ ನಿಂತ ಮುಳ್ಳಿನ ಹಾಗೆ.

"ಹ್ವಾಯ್, ಯಾರ್ದಾ ಅದ್ ಬೆಳಿಗ್ಗೆ ಬೆಳಿಗ್ಗೆ? ಹೆಣ್ಣಾ?" ಮಿಷನ್ ನಿಲ್ಲಿಸಿ ಗುಣಪಾಲ ಕೂಗಿದ. ಪ್ಲಾಂಟಿನಲ್ಲಿ ಎಲ್ಲರಿಗಿಂತ ಹಳಬ.

"ಹೌದ್ ಗುಣಪಾಲಣ್ಣ. ನಿಮ್ಗೂ ಒಂದ್ ಬೇಕಿತ್ತಾ?"

"ನಂಗೆ ಇಪ್ದನ್ನೇ ಸುಧಾರ್ಸುಕ್ ಆತಿಲ್ಲೆ ಮಾರಾಯ," ಎಂದು ನಕ್ಕು, ನಗು ಮುಗಿಯುವ ಮೊದಲೇ ದನಿ ಇಳಿಸಿ, "ಅಮ್ಮ ಹ್ಯಾಂಗಿತ್ತಾ?" ಎಂದ.

"ಅಡ್ಡಿಲ್ಲೆ," ಎಂದ ನಿತೇಶ. ಯಾವ ಮುಖವನ್ನೂ ಒತ್ತದೆ ಫೋನನ್ನು ಒಳಗೆ ತಳ್ಳಿದ.

ನಿನ್ನೆ ನಸುಕಿನಲ್ಲಿ ಕೆಲಸಕ್ಕೆ ಹೊರಡುವ ಹೊತ್ತು. ಚಾ ಲೋಟ ಕೊಡುವಾಗ ತಾಗಿದ ಅಮ್ಮನ ಬೆರಳು ಲೋಟಕ್ಕಿಂತ ಬಿಸಿಯಿತ್ತು. ಕಂಕುಳಿಗೆ ಇಟ್ಟ ಜ್ವರದ ಕಡ್ಡಿ ನೂರಾ ಒಂದು ತೋರಿಸಿತು. ಸೋಮವಾರ ಸಂಜೆಯೇ ಮೈ ಬೆಚ್ಚಗಿತ್ತು, ಬಿಸಿಲಿನದ್ದು ಎಂದುಕೊಂಡಿದ್ದ. ಕೀಮೋ ಹಾಕಿಸಿಕೊಂಡವರಿಗೆ ಜ್ವರ ಬಂದರೆ ಒಂದು ತಾಸೂ ಕಾಯಬಾರದು ಎಂದು ಆಸ್ಪತ್ರೆಯ ನಿಖಿತಾ ಸಿಸ್ಟರ್ ಮೂರು ಸಲ ಹೇಳಿದ್ದಳು. ಅವನ ಫೋನಿಗೆ ಆ್ಯಪನ್ನು ಹಾಕಿಕೊಟ್ಟವಳೂ ಅವಳೇ. ಟೈಪ್ ಮಾಡಲು ಬರದಿದ್ದರೆ ಮೈಕಿನ ಚಿತ್ರ ಒತ್ತಿ ಮಾತಾಡಿ, ಅದೇ ಬರೆದುಕೊಳ್ಳುತ್ತದೆ ಎಂದಾಗ, ಬರದಿದ್ದರೆ ಎಂಬ ಮಾತು ಅವನ ಅರ್ಧಕ್ಕೆ ನಿಂತ ಎಂಟನೇ ಕ್ಲಾಸಿಗೆ ನೇರವಾಗಿ ಬಂದು ತಾಗಿತ್ತು. ನಿನ್ನೆ ಎಂಟಕ್ಕೆ ಆ್ಯಪು ಕೇಳಿದಾಗ ಪ್ಲಾಂಟಿನ ಹಿಂದಿನ ಶೆಡ್ಡಿಗೆ ಹೋಗಿ ಮೈಕು ಒತ್ತಿ ಹೇಳಿದ: "ಅಮ್ಮಂಗೆ ಜ್ವರ ಇತ್ತ್." ಶಿರೂರಿನಿಂದ ಬ್ರಹ್ಮಾವರದ ಹೊಳೆಯವರೆಗೆ ಯಾವ ಮಗುವನ್ನು ಕೇಳಿದರೂ ಗೊತ್ತು, ಇತ್ತ್ ಎಂದರೆ ಈಗ, ಇಲ್ಲಿ, ಈ ಕ್ಷಣ ಇದೆ ಎಂದು. ಜ್ವರಕ್ಕೂ ಅಮ್ಮನಿಗೂ ಅದೇ ಮಾತು, ಬಂದು ಹೋದದ್ದಕ್ಕೆ ಇದ್ದಿತ್ ಅನ್ನುತ್ತಾರೆ. ಆ್ಯಪಿಗೆ ಯಾವ ಅಮ್ಮ ಮಾತು ಕಲಿಸಿದಳೋ, ಅದು ಕೊನೆಗೊಂದು ಉಕಾರ ಅಂಟಿಸಿ ಚಂದ ಮಾಡಿ ಬರೆಯಿತು: 'ಅಮ್ಮನಿಗೆ ಜ್ವರ ಇತ್ತು.' ಕಳುಹಿಸುವ ಮೊದಲು ಅವನು ಅದನ್ನು ಓದಿದ್ದ. ಅದೇ ಈಗ ಬಿಡದೆ ಕಾಡುತ್ತಿರುವುದು. ಓದದೆ ಕಳುಹಿಸಿದ್ದರೆ ಬೇರೆ. ಓದಿದ್ದ, ಹೆಬ್ಬೆರಳು ಗಾಳಿಯಲ್ಲಿ ನಿಂತಿತ್ತು, ಈ ಉಕಾರ ಏನು ಮಾಡುತ್ತದೆ ಎಂದು ಈ ಇಡೀ ಬಂದರಿನಲ್ಲಿ ಅವನಷ್ಟು ಚೆನ್ನಾಗಿ ಗೊತ್ತಿದ್ದವರು ಇನ್ನೊಬ್ಬರಿರಲಿಲ್ಲ.

ಎಂಟನೇ ಕ್ಲಾಸಿನಲ್ಲಿ, ಘಟ್ಟದ ಮೇಲಿನಿಂದ ಬಂದ ಮೇಷ್ಟ್ರು 'ನಮ್ಮ ಊರು' ಪ್ರಬಂಧ ಬರೆಸಿದ್ದರು. ನಿತೇಶ ಎದ್ದು ನಿಂತು ಓದಿದ: ನಮ್ಮ ಊರಿನಲ್ಲಿ ಸಮುದ್ರ ಇತ್ತು. "ಇತ್ತಾ? ಈಗ ಎಲ್ಲಿ ಹೋಯಿತಪ್ಪಾ, ಯಾರು ಕುಡಿದರು?" ಕ್ಲಾಸು ನಕ್ಕಿತು, ಅವನೂ ಸ್ವಲ್ಪ ನಕ್ಕ. ಮುಂದಿನ ಸಾಲು: ನನಗೆ ತಾಯಿ ಇತ್ತು. ಮೇಷ್ಟ್ರ ಮುಖ ಒಮ್ಮೆಲೆ ಮೆತ್ತಗಾಯಿತು. ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, "ಅಯ್ಯೋ, ತೀರಿಕೊಂಡರಾ? ಯಾವಾಗ?" ಎಂದರು. ಆಗ ಶಾಲೆಯ ಗೇಟಿನಾಚೆ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತ ಅಮ್ಮ "ಬೈಗೆ ಬಂಗ್ಡೇ" ಎಂದು ಕೂಗುತ್ತ ಹೋಗುತ್ತಿದ್ದಳು. ಕ್ಲಾಸಿನ ನಲವತ್ತು ಬಾಯಿ ಒಟ್ಟಿಗೆ ಬಿರಿಯಿತು. ಮೇಷ್ಟ್ರಿಗೆ ಕೊನೆಗೂ ಅರ್ಥವಾದಾಗ ಅವರಿಗೆ ಆದ ಅವಮಾನವನ್ನು ಅವರು ಕೆಂಪು ಶಾಯಿಯಲ್ಲಿ ತೀರಿಸಿಕೊಂಡರು. ಪುಟದ ಎಲ್ಲ ಇತ್ತುಗಳ ಮೇಲೆ ಗೀರು, ಪಕ್ಕದಲ್ಲಿ ಇದೆ, ಇದೆ, ಇದೆ. ಆ ವರ್ಷವೇ ಶಾಲೆ ಬಿಟ್ಟ. ಅಪ್ಪಯ್ಯ ಹೋದ ವರ್ಷವೂ ಅದೇ ಆದ್ದರಿಂದ ಯಾರೂ ಕಾರಣ ಕೇಳಲಿಲ್ಲ. ಅಂದಿನಿಂದ ಇದೆ ಎಂಬ ಮಾತನ್ನು ಅವನು ಬಾಯಿಗೆ ತಂದುಕೊಂಡಿಲ್ಲ. ಅದು ಬ್ಯಾಂಕಿನವರ ಮಾತು, ಕೌಂಟರಿನ ಗಾಜಿನ ಹಿಂದೆ ಕೂತವರ ಮಾತು.

ಅದೆಲ್ಲ ಗೊತ್ತಿದ್ದೂ ಹೆಬ್ಬೆರಳನ್ನು ಒತ್ತಿದ್ದ. ಯಾಕೆಂದರೆ ಜ್ವರ ಎಂದರೆ ಸರಸಕ್ಕ. ಮೊದಲ ಸಲ ಅಮ್ಮನನ್ನು ಸೇರಿಸಿದಾಗ ಪಕ್ಕದ ಹಾಸಿಗೆಗೆ ಸಾಲಿಗ್ರಾಮದಿಂದ ಬಂದ ಹೆಂಗಸು, ಬೋಳು ತಲೆಗೆ ಸೆರಗು ಹೊದ್ದು, ವಾರ್ಡಿನವರನ್ನೆಲ್ಲ ನಗಿಸುತ್ತ, ಜ್ವರ ಎಂದು ನಡೆದುಕೊಂಡೇ ಐಸಿಯುವಿನ ಗಾಜಿನ ಕೋಣೆಗೆ ಹೋದವಳು. ಮೂರನೆಯ ದಿನ ಅವಳ ಮಗ ಖಾಲಿ ಚೀಲವನ್ನು ಮಡಿಚುತ್ತಿದ್ದ. ಮಡಿಚಿದ್ದನ್ನು ಬಿಡಿಸಿ ಮತ್ತೆ ಮಡಿಚುತ್ತಿದ್ದ. ಇತ್ತು ಎಂದು ಕಳುಹಿಸಿದ ಒಂದೇ ನಿಮಿಷಕ್ಕೆ ಉತ್ತರ ಬಂತು: 'ಜ್ವರ ಇಳಿದಿರುವುದು ಒಳ್ಳೆಯದು. ಚೆನ್ನಾಗಿ ನೀರು ಕುಡಿಸಿ. ಮತ್ತೆ ಬಂದರೆ ತಕ್ಷಣ ಕರೆ ಮಾಡಿ.' ಮತ್ತು ಪರದೆ ಪೂರ್ತಿ ಹಸಿರಾಯಿತು. ಆ ಹಸಿರನ್ನು ನೋಡುತ್ತ ಅವನ ಎದೆಯಿಂದ ಒಂದು ದೊಡ್ಡ ಉಸಿರು ಹೊರಬಿತ್ತು. ಜ್ವರ ಇಳಿದಿದೆ ಎಂದು ಆಸ್ಪತ್ರೆಯೇ ಬರೆದ ಮೇಲೆ ಸಂಜೆಯೊಳಗೆ ಇಳಿದೇ ಬಿಡಬಹುದಲ್ಲ.

ನಿನ್ನೆ ಮಧ್ಯಾಹ್ನ ಮನೆಗೆ ಹೋದಾಗ ಅಮ್ಮ ಕೇಳಿದ್ದಳು: "ಜ್ವರ ಇತ್ತ್ ಅಂದೇಳಿ ಹೇಳಿದ್ಯಾ ಅವ್ಕೆ?"

"ಹೇಳಿದೆ."

"ಎಂತ ಅಂದ್ರ್?"

"ನೀರ್ ಕುಡಿಸುಕ್ ಅಂದ್ರ್."

ಇದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ. ಅವಳು ಚೊಂಬನ್ನು ಪಕ್ಕದಲ್ಲೇ ಇಟ್ಟುಕೊಂಡಳು. ಕೀಮೋ ಹಾಕಿದ ಮೇಲೆ ನೀರೂ ಕಬ್ಬಿಣದ ರುಚಿ ಎನ್ನುತ್ತಿದ್ದವಳು ಕಣ್ಣು ಮುಚ್ಚಿ, ಮೂಗು ಹಿಡಿದು, ಒಂದು ಚೊಂಬು, ಇನ್ನೊಂದು ಚೊಂಬು, ಔಷಧಿಯಂತೆ ಕುಡಿದಳು. ದಿನಾ ಬೆಳಿಗ್ಗೆ ವಿಚಾರಿಸುವ ಆ್ಯಪನ್ನು ಅವಳು ಸೊಸೆ ಎಂದು ಕರೆಯುತ್ತಿದ್ದಳು. "ಸ್ವಂತ ಸೊಸೆ ಬಂದಿರೂ ದಿನಾ ಎದ್ಕಂಡ್ ಹ್ಯಾಂಗಿದ್ರಿ ಅಂತ ಕೇಂತಿತ್ತಾ? ನಿನ್ ಮೊಬೈಲಿನ್ ಹೆಣ್ಣೇ ಲಾಯ್ಕ್." ಸೊಸೆ ಹೇಳಿದ್ದಾಳೆಂದು ಇಡೀ ಮಧ್ಯಾಹ್ನ ನೀರು ಕುಡಿದಳು.

ಇವತ್ತು ಬೆಳಿಗ್ಗೆ ಐದಕ್ಕೆ ಹೊರಡುವಾಗ ಅವಳನ್ನು ಮುಟ್ಟಲಿಲ್ಲ. ಮಲಗಿದ್ದಾಳೆ, ಎಬ್ಬಿಸುವುದು ಬೇಡ ಎಂದುಕೊಂಡ. ಈಗ ಕೊಕ್ಕೆ ಹಿಡಿದು ನಿಂತಾಗ ಅನ್ನಿಸಿತು, ಮುಟ್ಟಲು ಹೆದರಿದ್ದ, ಅಷ್ಟೇ. ಗುಣಪಾಲ ಮತ್ತೆ ಮಿಷನ್ ಶುರು ಮಾಡಿದ. ನಿತೇಶ ಕೈಗವಸು ಕಳಚಿ ಬ್ಲಾಕಿನ ಮೇಲಿಟ್ಟು, ಏನೂ ಹೇಳದೆ ಹೊರಟ.

ಕೊಡೇರಿಯ ಬಂದರಿನಿಂದ ಮನೆ ಹತ್ತು ನಿಮಿಷದ ದಾರಿ. ಅವಳು ಒಳಗಿನ ಕೋಣೆಯಲ್ಲಿ ಎರಡು ಕಂಬಳಿ ಹೊದ್ದು ಕೂತಿದ್ದಳು. ಏಪ್ರಿಲ್ ತಿಂಗಳು, ಹಂಚಿನಿಂದ ಕಾವು ಇಳಿಯುತ್ತಿತ್ತು, ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಎದುರಿಗೆ ತುಂಬಿದ ಚೊಂಬು.

"ನೀರ್ ಕುಡ್ಕಂಡೇ ಇದ್ದೆ ಮಗಾ," ಎಂದಳು, ತಪ್ಪು ಮಾಡಿದವಳಂತೆ. "ಬೆಳಗಿನಿಂದ ಮಾತ್ರ ಗಂಟ್ಲಲ್ ಇಳೀತಿಲ್ಲೆ. ಸೊಸಿಗೆ ಹೇಳ್ಬೇಡ, ಬೈತ್ತ್."

ಕಡ್ಡಿ ನೂರಾ ಮೂರು ತೋರಿಸಿತು. ಫೋನು ಮತ್ತೆ ನಡುಗಿತು. ನೀವು ಇನ್ನೂ ಉತ್ತರಿಸಿಲ್ಲ. ಮೂರು ಮುಖ. ಕರೆ ಮಾಡುವ ಗುಂಡಿ ಅಲ್ಲೇ ಕೆಳಗಿತ್ತು. ಒತ್ತಿದರೆ ನಿಖಿತಾ ಸಿಸ್ಟರ್ ಕೇಳುತ್ತಾಳೆ, ಯಾವಾಗಿನಿಂದ? ಆ ಒಂದು ಪ್ರಶ್ನೆಯನ್ನು ತಪ್ಪಿಸಿಕೊಂಡು ಅಮ್ಮನನ್ನು ಆಸ್ಪತ್ರೆಯ ಬಾಗಿಲಿಗೆ ಮುಟ್ಟಿಸಿಬಿಟ್ಟರೆ ಆ ಮೇಲೆ ಅವರು ನೋಡಿಕೊಳ್ಳುತ್ತಾರೆ, ಇವತ್ತೇ ಬಂದ ಜ್ವರ ಎಂದರೂ ಆಯಿತು. "ಹೋಪ, ಆಸ್ಪತ್ರಿಗೆ," ಎಂದ. ಅವಳು ವಾದ ಮಾಡಲಿಲ್ಲ. ಬಂಗುಡೆ ಬುಟ್ಟಿಯ ವಿಷಯದಲ್ಲಿ ಸಮುದ್ರದ ಜೊತೆಗೂ ವಾದ ಮಾಡುತ್ತಿದ್ದ ಹೆಂಗಸು ತೆಪ್ಪಗೆ ಎದ್ದು ಸೀರೆ ಸರಿಮಾಡಿಕೊಂಡದ್ದು ಅವನಿಗೆ ಕಡ್ಡಿಯ ನೂರಾ ಮೂರಕ್ಕಿಂತ ಹೆಚ್ಚು ದಿಗಿಲು ಹುಟ್ಟಿಸಿತು.

ಉಪ್ಪುಂದದಲ್ಲಿ ಬಸ್ಸು ಸಿಕ್ಕಿತು. ಬ್ರಹ್ಮಾವರದ ಆಸ್ಪತ್ರೆಗೆ ಇನ್ನು ಒಂದೂವರೆ ತಾಸು. ಕಿಟಕಿಯ ಪಕ್ಕ ಅವಳನ್ನು ಕೂರಿಸಿ ಹೊರಗಿನ ಸೀಟಿನಲ್ಲಿ ತಾನು ಕೂತ. ಅವಳ ಭುಜದ ನಡುಕ ಸೀಟಿನ ರೆಕ್ಸಿನಿನ ಮೂಲಕ ಅವನ ಬೆನ್ನಿಗೆ ಬರುತ್ತಿತ್ತು. ಬಸ್ಸಿನದಿರಬಹುದು ಎಂದುಕೊಂಡ, ನಾವುಂದದಲ್ಲಿ ಬಸ್ಸು ನಿಂತಾಗಲೂ ಅದು ನಿಲ್ಲಲಿಲ್ಲ. ಕಂಡಕ್ಟರ್ ಭೋಜರಾಜ ಪರಿಚಯದವನು. ಟಿಕೇಟು ಹರಿಯುತ್ತ, "ಎಂತ ವನಜಕ್ಕ, ಇಷ್ಟ್ ಸೆಕಿಗೆ ಕಂಬ್ಳಿ? ಮದ್ಮಗಳ್ ಕಂಡಂಗ್ ಕಾಣ್ತ್ರಿ," ಎಂದ. ಅವಳು ನಗಲು ತುಟಿ ಬಿಡಿಸಿದಳು, ನಗು ಬರಲಿಲ್ಲ, ಬಿಡಿಸಿದ ತುಟಿ ಹಾಗೇ ಉಳಿಯಿತು. ಭೋಜರಾಜ ನಿತೇಶನ ಮುಖ ನೋಡಿದ. ನಿತೇಶ ಕಿಟಕಿಯ ಆಚೆ ನೋಡಿದ. ಈ ಮಾರಸ್ವಾಮಿ ಗುಡಿಯ ಹತ್ತಿರ ಬಂದರೆ ಯಾವಾಗಲೂ ಒಂದು ಕಡೆ ಹೊಳೆ ಒಂದು ಕಡೆ ಕಡಲು, ಎರಡರ ನಡುವೆ ಬಸ್ಸಿನಷ್ಟೇ ಅಗಲದ ನೆಲ ಎಂದು ಚಿಕ್ಕಂದಿನಲ್ಲಿ ಹೆದರುತ್ತಿದ್ದ. ಬಸ್ಸು ವಾಲಿದರೆ ಯಾವ ಕಡೆ ಬೀಳುತ್ತದೆ ಎಂದು ಕೇಳಿದಾಗ, "ಹೊಳಿ ಬದಿಗೆ ಬಿದ್ರೆ ನಾ ಎತ್ತುತ್ತೆ, ಕಡಲ್ ಬದಿಗೆ ಬಿದ್ರೆ ನಿನ್ನ್ ಅಪ್ಪಯ್ಯ ದೋಣಿ ತತ್ರ್, ಸುಮ್ನ್ ಕೂಕಣ್," ಎಂದಿದ್ದಳು. ಈಗ ಅವಳ ತಲೆ ಅವನ ತೋಳಿನ ಮೇಲೆ ಬಿತ್ತು. ಸೆರಗು ಜಾರಿ, ಕೂದಲಿಲ್ಲದ ನೆತ್ತಿ ಎಳೆ ಮಗುವಿನದರಂತೆ ಕಾಣಿಸಿತು. ಮುಟ್ಟಿದ. ಕೈಯನ್ನು ಹಿಂದಕ್ಕೆ ಎಳೆದುಕೊಂಡ.

"ಅಮ್ಮ."

ಭುಜ ಹಿಡಿದು ಅಲುಗಿಸಿದ.

"ಅಮ್ಮ, ಹ್ವಾಯ್."

"ಬುಟ್ಟಿ ಹೊರ್ಸ್, ಹೊತ್ತಾಯ್ತ್," ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ, ಯಾರಿಗೋ.

ಅವನ ಬೆರಳು ಕರೆಯ ಗುಂಡಿಯನ್ನು ಹುಡುಕಿದ್ದು, ಒತ್ತಿದ್ದು, ಫೋನು ಕಿವಿಗೆ ಬಂದದ್ದು ಯಾವುದೂ ಅವನು ಮಾಡಿದ್ದಲ್ಲ ಎಂಬಂತೆ ಆಯಿತು. ಎರಡೇ ರಿಂಗಿಗೆ ನಿಖಿತಾ ಸಿಸ್ಟರ್ ಎತ್ತಿದಳು.

"ಮೇಡಂ, ಅಮ್ಮಂಗೆ ಜ್ವರ ಇತ್ತ್."

"ಹಾಂ, ನಿನ್ನೆ ಜ್ವರ ಇತ್ತು ಅಂತ ನೋಡಿದೆ ನಿತೇಶ್. ಈಗ ಹೇಗಿದ್ದಾರೆ?"

"ಅಲ್ಲ ಮೇಡಂ, ಇತ್ತ್. ಇತ್ತ್!"

"ಹೌದು, ಇತ್ತು. ಅದು ಬರೆದುಕೊಂಡಿದ್ದೀವಿ. ಇವತ್ತಿಂದು ಹೇಳಿ."

ಬಸ್ಸಿನ ಜನ ತಿರುಗಿ ನೋಡುತ್ತಿದ್ದರು. ಅವನಿಗೆ ಫೋನನ್ನು ಕಿಟಕಿಯಿಂದ ಎಸೆಯಬೇಕು ಅನ್ನಿಸಿತು, ಈ ಹೆಂಗಸನ್ನು, ಆ ಮೇಷ್ಟ್ರನ್ನು, ಕೆಂಪು ಶಾಯಿಯನ್ನು, ಎಲ್ಲವನ್ನೂ ಕಡಲಿನ ಬದಿಗೆ. ತೋಳಿನ ಮೇಲಿನ ತಲೆ ಕೆಂಡದಂತಿತ್ತು. ನಾಲಿಗೆ ಆ ಅಕ್ಷರಕ್ಕೆ ಹೋಗಿ ಹಿಂದೆ ಬಂತು, ಮತ್ತೆ ಹೋಯಿತು. ಹತ್ತು ವರ್ಷ ಆಡದ ಮಾತು.

"ಇದೆ," ಎಂದ. "ಈಗ ಇದೆ. ನೂರಾ ಮೂರು ಇದೆ. ಮಾತು ಸಮ ಇಲ್ಲ."

ಆ ಕಡೆಯ ದನಿ ಒಮ್ಮೆಲೆ ಬೇರೆಯಾಯಿತು. ಎಲ್ಲಿದ್ದೀರಿ? ಬಸ್ಸಿನಲ್ಲಾ? ಬ್ರಹ್ಮಾವರದವರೆಗೆ ಬರಬೇಡಿ, ಅಷ್ಟು ಹೊತ್ತಿಲ್ಲ. ಕುಂದಾಪುರದಲ್ಲಿ ಇಳಿಯಿರಿ, ಶಾಸ್ತ್ರಿ ಸರ್ಕಲಿನಲ್ಲಿ ಆಂಬುಲೆನ್ಸ್ ನಿಂತಿರುತ್ತದೆ, ಅಲ್ಲೇ ಆಸ್ಪತ್ರೆಯಲ್ಲಿ ಮೊದಲು ಇಂಜೆಕ್ಷನ್ ಶುರುವಾಗಲಿ, ನಾನು ಡಾಕ್ಟರಿಗೆ ಫೋನು ಮಾಡುತ್ತೇನೆ. ಆಮೇಲೆ ಆ ಪ್ರಶ್ನೆ. "ಯಾವಾಗಿನಿಂದ ಇದೆ?"

"ಸೋಮವಾರದಿಂದ."

"ಸೋಮವಾರ? ಮತ್ತೆ ನಿನ್ನೆ ಇತ್ತು ಅಂತ..."

"ನಮ್ಮಲ್ಲಿ ಇತ್ತ್ ಅಂದ್ರೆ ಇದೆ ಅಂತ ಮೇಡಂ."

 ಫೋನಿನ ಆ ಕಡೆ ಯಾವುದೋ ಮಗು ಅಳುವುದು ಕೇಳಿಸಿತು. ಬಳಿಕ, "ಅಯ್ಯೋ ದೇವರೇ," ಎಂದಳು. "ನಂಗೆ ಗೊತ್ತಾಗಲೇ ಇಲ್ಲ ನಿತೇಶ್. ನಾನು ಒಂದು ಫೋನು ಮಾಡಿ ಕೇಳಬೇಕಿತ್ತು. ತಪ್ಪಾಯಿತು. ನಿಮ್ಮ ತಪ್ಪಲ್ಲ ಇದು, ಕೇಳಿಸಿತಾ? ನಿಮ್ಮ ತಪ್ಪಲ್ಲ."  ಅವನು ಬಾಯಿ ತೆರೆದ. ಈಗ ಹೇಳಬೇಕಾದ ಒಂದೇ ಮಾತು ನಾಲಿಗೆಯ ಮೇಲೆಯೇ ಇತ್ತು. "ಆಯ್ತ್ ಮೇಡಂ," ಎಂದು ಫೋನಿಟ್ಟ. ಅವಳ ಕ್ಷಮೆಯನ್ನು, ಬೇರೆಯವರ ಬುಟ್ಟಿಯಿಂದ ಬಿದ್ದ ಮೀನನ್ನು ಎತ್ತಿಕೊಂಡಂತೆ, ಕಿಸೆಗೆ ಹಾಕಿಕೊಂಡ.

ಭೋಜರಾಜ ಯಾವಾಗ ಬಂದು ಪಕ್ಕದಲ್ಲಿ ನಿಂತಿದ್ದನೋ. ಡ್ರೈವರನತ್ತ ತಿರುಗಿ, "ಹ್ವಾಯ್, ತಲ್ಲೂರಲ್ ಕೈ ಹಿಡಿದ್ರೂ ನಿಲ್ಸುಕಿಲ್ಲೆ, ಸೀದಾ ಸರ್ಕಲ್!" ಎಂದು ಕೂಗಿದ. ಇಳಿಯುವವನೊಬ್ಬ ಗೊಣಗಿದ್ದಕ್ಕೆ, "ನೀವ್ ವಾಪಸ್ ನೆಡ್ಕಂಡ್ ಹೋಯ್ನಿ, ಹೊಟ್ಟಿ ಕರಗತ್ತ್," ಎಂದ. ಬೇರೆ ದಿನವಾಗಿದ್ದರೆ ಅಮ್ಮ ನಗುತ್ತಿದ್ದಳು.

ಕುಂದಾಪುರದ ಆಸ್ಪತ್ರೆಯ ಉದ್ದ ಓಣಿ. ಅವಳನ್ನು ಒಳಗೆ ಒಯ್ದು ಬಾಗಿಲು ಹಾಕಿದ್ದರು. ಬಾಗಿಲಿನ ಗಾಜಿನ ತುಂಡಿನಲ್ಲಿ ಹಸಿರು ಬಟ್ಟೆಯ ಬೆನ್ನುಗಳು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಎಳೆಯ ಡಾಕ್ಟರೊಬ್ಬ ಹೊರಬಂದು, ರಕ್ತದಲ್ಲಿ ಸೋಂಕು ಹರಡಿದೆ, ಬಿಪಿ ಇಳಿದಿದೆ, ಇಂಜೆಕ್ಷನ್ ಹಾಕಿದ್ದೇವೆ ಎಂದ. "ನಿನ್ನೆಯೇ ಬಂದಿದ್ದರೆ," ಎಂದು ಶುರು ಮಾಡಿ, ಇವನ ಮುಖ ನೋಡಿ, "ನೋಡುವ," ಎಂದು ಒಳಗೆ ಹೋದ. ನಿತೇಶನ ಕೈಯಲ್ಲಿ ಅವಳ ಕಂಬಳಿಯಿತ್ತು. ತಾನು ಅದನ್ನು ಮಡಿಚುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಮಡಿಚಿ ಮುಗಿದ ಮೇಲೆ. ಥಟ್ಟನೆ ಬಿಡಿಸಿದ. ಪೂರ್ತಿ ಬಿಡಿಸಿ, ಉಂಡೆ ಮಾಡಿ, ಹೊಟ್ಟೆಗೆ ಒತ್ತಿ ಹಿಡಿದುಕೊಂಡ. ಬೆವರಿನ ವಾಸನೆ, ಔಷಧಿಯ ವಾಸನೆ, ಅವೆರಡರ ಅಡಿಯಲ್ಲಿ ಎಷ್ಟು ತೊಳೆದರೂ ಹೋಗದ ಮೀನಿನ ವಾಸನೆ.

ಫೋನು ನಡುಗಿತು. ನೀವು ಇನ್ನೂ ಉತ್ತರಿಸಿಲ್ಲ. ಅವನು ಮೈಕಿನ ಚಿತ್ರ ಒತ್ತಿದ. ಓಣಿಯಲ್ಲಿ ಯಾರೂ ಇರಲಿಲ್ಲ. "ಅದ್ ತಪ್ಪ್ ಬರ್ದದ್ದ್ ನಂಗೆ ನಿನ್ನೆಯೇ ಗೊತ್ತಿದ್ದಿತ್," ಎಂದ, ಕಿವಿಗೊಟ್ಟವರಿಗೆ ಹೇಳುವಂತೆ. ಅಕ್ಷರಗಳು ಒಂದೊಂದಾಗಿ ಮೂಡಿದವು: 'ಅದು ತಪ್ಪು ಬರೆದದ್ದು ನನಗೆ ನಿನ್ನೆಯೇ ಗೊತ್ತಿತ್ತು.' ಈ ಒಂದು ಸಲ ಒಂದು ಅಕ್ಷರವೂ ತಪ್ಪಿರಲಿಲ್ಲ. ಓದಿದ. ಕಳುಹಿಸಿದ. ಪರದೆ ಒಂದು ಸುತ್ತು ತಿರುಗಿ ಹಸಿರಾಯಿತು, ಹಸಿರು ಮುಖ ನಕ್ಕಿತು. 'ಧನ್ಯವಾದಗಳು. ನಿಮ್ಮ ಮಾಹಿತಿ ದಾಖಲಾಗಿದೆ.' ನಿಖಿತಾ ಸಿಸ್ಟರ್ ಓದುತ್ತಾಳೆ, ಸಂಜೆಗೋ ನಾಳೆಗೋ. ಓದಲಿ. ಬಾಗಿಲಿನ ಒಳಗೆ ಏನೋ ಒಂದು ಕೂಗತೊಡಗಿತು, ಒಂದೇ ಸ್ವರದಲ್ಲಿ, ಮಿಷನ್ನಿನದು. ಚಪ್ಪಲಿಗಳು ಓಡಿದವು.

ಆಗಲೇ ಮತ್ತೆ ಫೋನು. ಗುಣಪಾಲಣ್ಣ.

"ಎಂತದಾ, ಕೈಗವ್ಸ್ ಬಿಸಾಡಿ ಓಡಿದ್ಯಲ್ದಾ? ಭೋಜ ಫೋನ್ ಮಾಡಿದ್ದ. ಅಮ್ಮ ಹ್ಯಾಂಗಿತ್ತಾ?"

ಇತ್ತ್ ಎಂದರೆ ಸಾಕು. ಗುಣಪಾಲಣ್ಣನಿಗೆ ಅರ್ಥವಾಗುತ್ತದೆ, ಹುಟ್ಟಿದಂದಿನಿಂದ ಆಡಿದ ಮಾತು. ಬಾಯಿ ತೆರೆದರೆ ಆ ಮಾತಿನ ಬಾಲಕ್ಕೆ ಉಕಾರ ತಾನಾಗಿಯೇ ಬಂದು ಅಂಟಿಕೊಳ್ಳುವುದು ಅವನಿಗೆ ಕಾಣಿಸಿತು. ಭುಜದ ಮೇಲೆ ಮೇಷ್ಟ್ರ ಮೆತ್ತಗಿನ ಕೈ. ಅಯ್ಯೋ, ಯಾವಾಗ?

"ನಿತೇಶಾ? ಕೇಂತಿತ್ತಾ? ಅಮ್ಮ..."

"ಇದೆ," ಎಂದ. "ಅಮ್ಮ ಇದೆ."

"ಎಂತ? ಇದ್ಯಾವ್ ಊರಿನ್ ಭಾಷಿ ಮಾರಾಯ, ಅಮ್ಮ ಇದೆ ಅಂದೇಳಿ? ಹ್ವಾಯ್?"

ಗಾಜಿನ ತುಂಡಿನಲ್ಲಿ ಬೆನ್ನುಗಳು ಒಂದರ ಮೇಲೊಂದು ಬಾಗಿದವು. ಅವನು ಕಂಬಳಿಯ ಉಂಡೆಗೆ ಬಾಯಿ ಒತ್ತಿ, ಬಾಗಿಲಿನಿಂದ ಕಣ್ಣು ತೆಗೆಯದೆ, ಕೆಂಪು ಶಾಯಿಯ ಆ ಪುಟವನ್ನು ಒಂದು ಸಾಲೂ ಬಿಡದೆ ಓದುವವನಂತೆ ಹೇಳುತ್ತ ಹೋದ.

"ಇದೆ ಗುಣಪಾಲಣ್ಣ. ಇದೆ. ಇದೆ."